ಕನಿಷ್ಠ ಮೊತ್ತ

ಕಳೆದ ಅಕ್ಟೋಬರ್‌ನ ಒಂದು ಸಂಜೆ. ಮಿಡ್ ಟರ್ಮ್ ಪರೀಕ್ಷೆಗೆ ಅಕೌಂಟೆನ್ಸಿ ಓದುತ್ತಿದ್ದೆ. ಕೆಲಸದಿಂದ ಬಂದ ಭಾಯ್‌ಜಾನ್ ತಮ್ಮ ಮೊಬೈಲನ್ನು ನನ್ನ ಕೈಗಿಟ್ಟು, "ಕಾರ್ಡಿನ ಬಿಲ್ಲು ಬಂದಿದೆ. ಕೊನೆ ದಿನಕ್ಕೆ ಇನ್ನೂ ವಾರವಿದೆ, ಆದರೆ ಮರೆತುಬಿಡುತ್ತೇನೆ. ಈಗಲೇ ಎರಡು ಸಾವಿರ ಕಟ್ಟಿಬಿಡು" ಎಂದರು.

ಬಿಲ್ಲಿನಲ್ಲಿ ಎರಡು ಅಂಕಿಗಳಿದ್ದವು. ಒಟ್ಟು ಬಾಕಿ 40,000. ಅದರ ಕೆಳಗೆ 'ಮಿನಿಮಮ್ ಅಮೌಂಟ್ ಡ್ಯೂ', ಅಂದರೆ ಕನಿಷ್ಠ ಮೊತ್ತ, 2,000. "ಪೂರ್ತಿ ಯಾಕೆ ಕಟ್ಟುತ್ತಿಲ್ಲ?" ಎಂದು ಕೇಳಿದೆ. "ಮಿನಿಮಮ್ ಕಟ್ಟಿದರೆ ಸಾಕು, ಆಗ ಬಡ್ಡಿ ಬೀಳುವುದಿಲ್ಲ" ಎಂದರು. ಅವರು ನಿಜವಾಗಿಯೂ ಹಾಗೆಂದೇ ನಂಬಿದ್ದರು.

ನಾನು ಹಣ ಕಟ್ಟಲಿಲ್ಲ. ಬಿಲ್ಲನ್ನು ಕೊನೆಯ ಪುಟದವರೆಗೂ ಓದಿದೆ. ಅಲ್ಲಿ ಸಣ್ಣ ಅಕ್ಷರಗಳಲ್ಲಿ ಬಡ್ಡಿಯ ದರವಿತ್ತು: ತಿಂಗಳಿಗೆ ಶೇ. 3.5. ಓದಲು ಚಿಕ್ಕದು. ಆದರೆ ವರ್ಷಕ್ಕೆ ಅದು ಶೇ. 42. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಪ್ರತಿ ತಿಂಗಳೂ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದರೆ ಸಾಲ ತೀರಲು ತಿಂಗಳುಗಳು, ವರ್ಷಗಳೇ ಹಿಡಿಯಬಹುದು ಎಂಬ ಎಚ್ಚರಿಕೆಯೂ ಅಲ್ಲೇ ಇತ್ತು. ಈ ಎಚ್ಚರಿಕೆಯನ್ನು ಮುದ್ರಿಸಲೇಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಓದಲೇಬೇಕೆಂದು ನಮಗೆ ಯಾರೂ ಹೇಳಿಲ್ಲ.

ಅಕೌಂಟೆನ್ಸಿ ಪುಸ್ತಕದ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. 40,000ಕ್ಕೆ ಒಂದು ತಿಂಗಳ ಬಡ್ಡಿ 1,400. ಜಿಎಸ್‌ಟಿ 252. ಒಟ್ಟು 1,652. ಭಾಯ್‌ಜಾನ್ 2,000 ಕಟ್ಟಿದರೆ ಸಾಲದಲ್ಲಿ ಇಳಿಯುವುದು ಬರೀ 348 ರೂಪಾಯಿ! ಕಾರ್ಡನ್ನು ಮತ್ತೆ ಮುಟ್ಟದೆ ತಿಂಗಳಿಗೆ 2,000ದಂತೆ ಕಟ್ಟುತ್ತಾ ಹೋದರೂ ಸಾಲ ತೀರಲು ಮೂರೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಕಟ್ಟಿದ ಹಣ 86,000 ದಾಟಿರುತ್ತದೆ. ಕಾರ್ಡನ್ನು ಬಳಸುತ್ತಲೇ ಇದ್ದರೆ ಇನ್ನೂ ಕಷ್ಟ. ಹಳೆಯ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಇಂದು ಹಾಕಿಸಿದ ಪೆಟ್ರೋಲಿಗೂ ಇಂದಿನಿಂದಲೇ ಬಡ್ಡಿ.

ಲೆಕ್ಕ ನೋಡಿದ ಭಾಯ್‌ಜಾನ್ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಬ್ಬಾಗೆ ಹೇಳಬೇಡ" ಎಂದರು.

ಅವರು ಯಾಕೆ ಹೆದರಿದರೆಂದು ನನಗೆ ಗೊತ್ತಿತ್ತು. ಆ ಬಾಕಿಯ ಅರ್ಧಕ್ಕಿಂತ ಹೆಚ್ಚು ನಮ್ಮ ಅಡುಗೆಮನೆಯಲ್ಲೇ ನಿಂತಿದೆ. ಮಗ ಸಂಬಳದಲ್ಲಿ ತಂದ ಫ್ರಿಜ್ ಎಂದು ಅಬ್ಬಾ ಅದನ್ನು ಬಂದವರಿಗೆಲ್ಲ ತೋರಿಸಿದ್ದರು. ಉಳಿದದ್ದು ಅಮ್ಮಿಯ ಕಣ್ಣಿನ ಆಪರೇಷನ್ನಿನ ಔಷಧ, ಈದ್ ಬಟ್ಟೆ. ಮೋಜಿಗೆ ಮಾಡಿದ ಖರ್ಚು ಒಂದೂ ಇರಲಿಲ್ಲ. ಸೈಕಲ್ ರಿಪೇರಿ ಅಂಗಡಿಯಲ್ಲೇ ಇಡೀ ಸಂಸಾರ ಸಾಕಿದ ಅಬ್ಬಾ ಒಮ್ಮೆಯೂ ಬಡ್ಡಿಗೆ ಸಾಲ ತಂದವರಲ್ಲ. ನಮ್ಮ ಮನೆಯಲ್ಲಿ 'ಸೂದ್' ಎಂಬ ಮಾತನ್ನು ಮೆಲ್ಲಗೆ ಆಡುತ್ತಾರೆ.

ನನ್ನ ಡಿಗ್ರಿ ಫೀಸಿಗೆಂದು ಅಮ್ಮಿ ಚೀಟಿ ಹಾಕಿ 30,000 ಕೂಡಿಸಿಟ್ಟಿದ್ದರು. "ಅದನ್ನೇ ಕಟ್ಟಿಬಿಡೋಣ, ಜೂನ್‌ಗೆ ಇನ್ನೂ ಸಮಯವಿದೆ" ಎಂದೆ. ಭಾಯ್‌ಜಾನ್ ಒಪ್ಪಲಿಲ್ಲ. "ನಾನು ಪಿಯುಸಿಗೇ ನಿಲ್ಲಿಸಿದೆ. ನಿನ್ನ ಫೀಸಿಗೆ ಕೈ ಹಾಕಲ್ಲ" ಎಂದರು. ಉಳಿದದ್ದು ಒಂದೇ ದಾರಿ. ಮರುದಿನ ಇಶಾ ನಮಾಜಿನ ನಂತರ ಇಬ್ಬರೂ ಅಬ್ಬಾ ಎದುರು ಕೂತೆವು.

ಬೈಗುಳಕ್ಕೆ ಸಿದ್ಧರಾಗಿದ್ದೆವು. ಅಬ್ಬಾ ನನ್ನ ಲೆಕ್ಕದ ಹಾಳೆಯನ್ನು ಎರಡು ಸಲ ನೋಡಿದರು. "ಇಷ್ಟೇನಾ, ಬೇರೆ ಇನ್ನೇನಾದರೂ ಇದೆಯಾ?" ಎಂದು ಕೇಳಿದರು. "ಇಲ್ಲ ಅಬ್ಬಾ." "ಮೊದಲೇ ಹೇಳಿದ್ದರೆ ಇನ್ನೂ ಕಡಿಮೆ ಇರುತ್ತಿತ್ತು" ಎಂದಷ್ಟೇ ಹೇಳಿ ಎದ್ದರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಮರುದಿನ ಮಾಮು 25,000 ಕೊಟ್ಟರು. ಖರ್ಜೆ ಹಸನಾ, ಅಂದರೆ ಬಡ್ಡಿಯಿಲ್ಲದ ಸಾಲ. ಭಾಯ್‌ಜಾನ್ ತಮ್ಮ ಮೊಬೈಲನ್ನು 9,000ಕ್ಕೆ ಮಾರಿ, ಸಂಬಳದ 6,000 ಸೇರಿಸಿದರು. ಕೊನೆ ದಿನಕ್ಕೆ ಮುಂಚೆಯೇ ಪೂರ್ತಿ 40,000 ಕಟ್ಟಿದೆವು. ಇಷ್ಟಕ್ಕೆ ಮುಗಿಯಿತು ಎಂದುಕೊಂಡರೆ ಮುಂದಿನ ತಿಂಗಳು ಮತ್ತೆ ಸುಮಾರು 815 ರೂಪಾಯಿ ಬಿಲ್ಲು! ಹಿಂದಿನ ಬಿಲ್ಲು ತಯಾರಾದ ದಿನದಿಂದ ನಾವು ಕಟ್ಟಿದ ದಿನದವರೆಗಿನ 15 ದಿನಗಳ ಬಡ್ಡಿ ಅದು; ದಿನಕ್ಕೆ 46 ರೂಪಾಯಿ, ಜಿಎಸ್‌ಟಿ ಬೇರೆ. ಅದನ್ನೂ ಕಟ್ಟಿ ಕಾರ್ಡ್ ಮುಚ್ಚಲು ಅರ್ಜಿ ಕೊಟ್ಟೆವು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಕಾರ್ಡ್ ಮುಚ್ಚಬೇಕು, ತಡವಾದರೆ ಬ್ಯಾಂಕೇ ದಿನಕ್ಕೆ 500 ರೂಪಾಯಿ ದಂಡ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಗೆಳೆಯರೇ, ಇದನ್ನು ಇಲ್ಲಿ ಬರೆಯಲು ಕಾರಣವಿದೆ. ನಮ್ಮಲ್ಲಿ ಹಲವರಿಗೆ ಈ ವರ್ಷ ಹದಿನೆಂಟು ತುಂಬುತ್ತದೆ. ಡಿಗ್ರಿಗೆ ಸೇರುವ ಹೊತ್ತಿಗೆ 'ಲೈಫ್‌ಟೈಮ್ ಫ್ರೀ' ಎನ್ನುವ ಕರೆಗಳು ನಮಗೂ ಬರಬಹುದು. ಫ್ರೀ ಎಂದರೆ ವಾರ್ಷಿಕ ಶುಲ್ಕ ಇಲ್ಲ ಎಂದಷ್ಟೇ ಅರ್ಥ. ಬಡ್ಡಿ, ತಡವಾದರೆ ದಂಡ, ಕಾರ್ಡಿನಿಂದ ನಗದು ತೆಗೆದರೆ ಶುಲ್ಕ ಇವೆಲ್ಲ ಇದ್ದೇ ಇರುತ್ತವೆ. ನಗದಿಗಂತೂ ತೆಗೆದ ದಿನದಿಂದಲೇ ಬಡ್ಡಿ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿದೆ. ಆದ್ದರಿಂದ ದರ ಎಷ್ಟೆಂದು ಸಹಿ ಹಾಕುವ ಮೊದಲು ನಾವೇ ಓದಿಕೊಳ್ಳಬೇಕು. ಬಾಕಿ ಉಳಿಸಿಕೊಂಡರೆ ಕ್ರೆಡಿಟ್ ಸ್ಕೋರ್ ಕೂಡ ಇಳಿಯಬಹುದು. ಮುಂದೆ ಶಿಕ್ಷಣ ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನು ನೋಡುತ್ತಾರೆ.

ಚಕ್ರಬಡ್ಡಿಯ ಲೆಕ್ಕಗಳನ್ನು ಪರೀಕ್ಷೆಗೆಂದು ಎಷ್ಟೋ ಸಲ ಮಾಡಿದ್ದೇನೆ, ಅಂಕವೂ ಬಂದಿದೆ. ಅದೇ ಲೆಕ್ಕ ನಮ್ಮ ಮನೆಯೊಳಗೆ ನಡೆಯುತ್ತಿದ್ದಾಗ ನಾನು ನೋಡಿರಲಿಲ್ಲ. ಕನಿಷ್ಠ ಮೊತ್ತ ಎನ್ನುವುದು ಬ್ಯಾಂಕಿಗೆ ಸಾಕಾಗುವ ಮೊತ್ತ, ನಮಗೆ ಸಾಕಾಗುವ ಮೊತ್ತವಲ್ಲ. ನಿಮ್ಮ ಮನೆಯಲ್ಲಿ ಯಾರದ್ದಾದರೂ ಕಾರ್ಡ್ ಇದ್ದರೆ ಇಂದೇ ಬಿಲ್ಲು ತೋರಿಸಿ ಎಂದು ಕೇಳಿ. ಅವರನ್ನು ತಪ್ಪಿತಸ್ಥರ ಹಾಗೆ ಮಾತ್ರ ಕೇಳಬೇಡಿ.

ಈಗ ಭಾಯ್‌ಜಾನ್ ಮಾಮುಗೆ ತಿಂಗಳಿಗೆ 2,500ದಂತೆ ಹಿಂತಿರುಗಿಸುತ್ತಿದ್ದಾರೆ. ಮೂರು ಕಂತು ಮುಗಿದಿದೆ, ಏಳು ಉಳಿದಿದೆ. ಲೆಕ್ಕ ನನ್ನ ಬಳಿಯೇ ಇದೆ. ಪ್ರತಿ 2,500ಕ್ಕೂ ಸಾಲ ಸರಿಯಾಗಿ 2,500 ಇಳಿಯುತ್ತದೆ. ಇದನ್ನು ಪತ್ರಿಕೆಗೆ ಬರೆಯಲೇ ಎಂದು ಕೇಳಿದಾಗ ಭಾಯ್‌ಜಾನ್ ಸ್ವಲ್ಪ ಯೋಚಿಸಿ, "ನನ್ನ ಹೆಸರು ಬೇಡ. ಲೆಕ್ಕ ಮಾತ್ರ ಪೂರ್ತಿ ಬರಿ" ಎಂದರು.