ಎದೆಯ ಮೇಲೆ ಎಂಟು ತಾಸು

ಕೊಪ್ಪಳದ ಜಿಲ್ಲಾಸ್ಪತ್ರೆ. ತೂಕ ಕಡಿಮೆಯಿರುವ ಕೂಸುಗಳ ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೊಣಕೈತನಕ ಸೋಪು ಹಚ್ಚಿ ಕೈ ತೊಳೆದು ಒಳಗೆ ಬನ್ನಿ. ಹೊರಗೆ ಏಪ್ರಿಲ್ ಬಿಸಿಲು. ತಕ್ಕಡಿಯ ಮೇಲೊಂದು ಹೆಣ್ಣುಕೂಸು. ಎರಡು ಕಿಲೋ ಮುಟ್ಟಿಲ್ಲ. ತೊಡೆಯ ಚರ್ಮ ಸುಕ್ಕುಸುಕ್ಕು, ಅಳುವ ದನಿಗೂ ಕಸುವಿಲ್ಲ.

"ಇಷ್ಟ್ ಸಣ್ಣ ಕೂಸು ಐತಿ, ಗಾಜಿನ ಪೆಟ್ಟಿಗ್ಯಾಗ ಇಡ್ರಿ ಅಕ್ಕಾರ," ಅಂತ ಬಾಣಂತಿಯ ತಾಯಿ ಕೈ ಮುಗಿಯುತ್ತಾಳೆ.

"ಈ ಕೂಸಿಗೆ ನಿನ್ನ ಮಗಳ ಎದಿನೇ ಪೆಟ್ಟಿಗಿ ಯವ್ವಾ," ಅಂತಾಳೆ ನರ್ಸ್. ಪರದೆ ಎಳೆದು, ಕುಬಸದ ಗುಂಡಿ ಬಿಚ್ಚಿಸುತ್ತಾಳೆ. ತಲೆಗೆ ಕುಲಾಯಿ, ಕಾಲಿಗೆ ಸಾಕ್ಸ್, ಒಂದು ಲಂಗೋಟಿ, ಅಷ್ಟೇ ಕೂಸಿನ ಬಟ್ಟೆ. ಎರಡು ಮೊಲೆಗಳ ನಡುವೆ ನೆಟ್ಟಗೆ ನಿಲ್ಲಿಸಿ, ಕಪ್ಪೆಯಂತೆ ಕಾಲು ಅಗಲಿಸಿ, ಉಸಿರಿಗೆ ತೊಡಕಾಗದಂತೆ ಮುಖ ಒಂದು ಕಡೆ ತಿರುಗಿಸಿ, ಬಟ್ಟೆಯಿಂದ ಸುತ್ತಿ ಕಟ್ಟುತ್ತಾಳೆ. ಸ್ವಲ್ಪ ಹೊತ್ತಿಗೆ ತಣ್ಣಗಿದ್ದ ಪಾದ ಬೆಚ್ಚಗಾಗುತ್ತದೆ. ನರ್ಸ್ ಅಜ್ಜಿಯ ಕೈ ಹಿಡಿದು ಮುಟ್ಟಿಸಿ ತೋರಿಸುತ್ತಾಳೆ.

ಇದು ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಶುರು ಮಾಡಿದ್ದು. ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ ಹುಟ್ಟಿದ ಉಪಾಯ, ದಶಕಗಳ ಪರೀಕ್ಷೆಯ ನಂತರ ಎಲ್ಲ ಕಡೆಗೂ ಸಲ್ಲುವ ಚಿಕಿತ್ಸೆಯಾಗಿ ನಿಂತಿತು. ಕೂಸುಗಳ ಸಾವು ಇದರಿಂದ ಕಡಿಮೆಯಾಗುತ್ತದೆ ಎಂಬುದರಲ್ಲಿ ಈಗ ಅನುಮಾನವಿಲ್ಲ. ಉಳಿದಿದ್ದ ಪ್ರಶ್ನೆ ಬೇರೆ: ಒಂದು ಇಡೀ ಜಿಲ್ಲೆಯಲ್ಲಿ, ಇರುವ ಸರ್ಕಾರಿ ಆಸ್ಪತ್ರೆ, ಇರುವ ನರ್ಸ್, ಇರುವ ಆಶಾ ಕಾರ್ಯಕರ್ತೆಯರಿಂದಲೇ ಇದನ್ನು ಮಾಡಿಸಲು ಬರುತ್ತದೆಯೇ?

ಆ ಪ್ರಶ್ನೆ ಹೊತ್ತು ಕೊಪ್ಪಳಕ್ಕೆ ಬಂದವರು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಸಾರ್ವಜನಿಕ ಆರೋಗ್ಯ ತಜ್ಞ ಪ್ರೇಮ್ ಮೋನಿ, ನವಜಾತ ಶಿಶು ತಜ್ಞೆ ಸುಮನ್ ರಾವ್ ಮತ್ತು ಕರ್ನಾಟಕ ಆರೋಗ್ಯ ಸಂವರ್ಧನಾ ಟ್ರಸ್ಟಿನ ಜೊತೆಗಾರರು. ಇಥಿಯೋಪಿಯಾ ಮತ್ತು ಭಾರತದ ಹಲವು ತಾಣಗಳಲ್ಲಿ ಏಕಕಾಲಕ್ಕೆ ನಡೆದ ಆ ಅಧ್ಯಯನ ಎರಡು ಕಿಲೋಗಿಂತ ಕಡಿಮೆ ತೂಕದ 3,804 ಕೂಸುಗಳ ಜಾಡು ಹಿಡಿಯಿತು. 2021ರಲ್ಲಿ ಬಿಎಂಜೆ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಅದರ ಫಲ ಪ್ರಕಟವಾಯಿತು. ಭಾರತದ ತಾಣಗಳಲ್ಲಿ ಶೇ 87ರಷ್ಟು ಕೂಸುಗಳಿಗೆ ಈ ಆರೈಕೆ ಶುರುವಾಗಿತ್ತು. ಆಸ್ಪತ್ರೆ ಬಿಡುವ ಹೊತ್ತಿಗೆ ಶೇ 55.

ಈಗ ಆ ಬಾಣಂತಿಯ ಜೊತೆ ನೀವೂ ಊರಿಗೆ ಹೊರಡಿ. ಗಂಗಾವತಿ ಕಡೆಯಾದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಹಸಿರು ಭತ್ತದ ಗದ್ದೆ. ಈಕೆಯದು ಯಲಬುರ್ಗಾ ಸೀಮೆ. ಮಳೆ ನಂಬಿದ ಹೊಲ. ಕುಷ್ಟಗಿ, ಯಲಬುರ್ಗಾದ ಎಷ್ಟೋ ಮನೆಗಳಂತೆ ಗಂಡ ಗುಳೆ ಹೋಗಿ ಬರುವವನು. ಬಾಣಂತನ ತವರಲ್ಲಿ. ಬಸುರಿಯಿದ್ದಾಗಿನಿಂದ ನೋಡಿಕೊಂಡ ಆಶಾ ಕಾರ್ಯಕರ್ತೆ ಗಂಡನ ಊರಲ್ಲೇ ಉಳಿದಳು. ಇಲ್ಲಿಯ ಆಶಾಗೆ ಈ ಕೂಸು ಹೊಸದು.

ಮನೆಯೊಳಗೆ ಹೊರಸು ಹಾಕಿದೆ, ಕೆಳಗೆ ಕಾವಿಗೆ ಕೆಂಡ. ಪರದೆಯಿಲ್ಲ. ನೋಡಲು ಬಂದವರು ಹೊಸ್ತಿಲಲ್ಲೇ ಕೂತಿದ್ದಾರೆ. ಅವರೆದುರು ಕುಬಸ ಬಿಚ್ಚುವುದು ಹೇಗೆ? ಸೆಕೆಗೆ ತಾಯಿಯ ಎದೆ ಬೆವರುತ್ತದೆ. "ಕೂಸಿಗೆ ಉಸಿರು ಕಟ್ಟೀತು, ಮಗ್ಗಲಕ ಮಲಗಸು," ಅಂತಾಳೆ ಯಾರೋ ಹಿರಿಯಳು. ಕೂಸು ಎದೆಯಿಂದ ಹೊರಸಿಗೆ ಇಳಿಯುತ್ತದೆ.

ಮನೆಗೆ ಬಂದ ಏಳನೇ ದಿನದ ಲೆಕ್ಕ ಕರ್ನಾಟಕದಲ್ಲಿ ಶೇ 36. ಲೆಕ್ಕಕ್ಕೆ ಬರಲು ದಿನಕ್ಕೆ ಕನಿಷ್ಠ ಎಂಟು ತಾಸು ಮೈಗೆ ಮೈ ತಾಗಿರಬೇಕು, ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು. ಈ ತಂಡದ ನಿಜವಾದ ಸಾಧನೆ ನನಗೆ ಕಾಣುವುದು ಈ ಮೂವತ್ತಾರರಲ್ಲಿ. ವಾರ್ಡಿನ ಅಂಕಿ ಹೇಳಿ ಮುಗಿಸಬಹುದಿತ್ತು. ಅವರು ಹೊಸ್ತಿಲು ದಾಟಿದರು, ಎಲ್ಲಿ ಕೈ ಜಾರಿತು ಎಂಬುದನ್ನು ಮುಚ್ಚಿಡದೆ ಬರೆದರು. ಮುಂದಿನವರು ಎಲ್ಲಿ ದುಡಿಯಬೇಕೆಂಬುದು ಅದರಿಂದಲೇ ಗೊತ್ತಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಕೂಸುಗಳಿಗೆ ಹುಟ್ಟಿದ ಕೂಡಲೇ, ದಿನಕ್ಕೆ ಎಂಟರಿಂದ ಇಪ್ಪತ್ತನಾಲ್ಕು ತಾಸು ಈ ಆರೈಕೆ ಇರಲಿ ಎಂದಿತು. ಆಸ್ಪತ್ರೆಯಲ್ಲಿ ಸರಿ. ಮನೆಯಲ್ಲಿ ಅಷ್ಟು ತಾಸನ್ನು ಒಬ್ಬಳೇ ಬಾಣಂತಿಯ ಮೇಲೆ ಹೊರಿಸಿದರೆ ಸಾಗುವುದಿಲ್ಲ.

ಕೊಪ್ಪಳಕ್ಕೆ 2015ರಿಂದ ತನ್ನದೇ ವೈದ್ಯಕೀಯ ಕಾಲೇಜಿದೆ. ಎಂಬಿಬಿಎಸ್ ಪಠ್ಯದಲ್ಲಿ ಈಗ ಕುಟುಂಬ ದತ್ತು ಕಾರ್ಯಕ್ರಮವೂ ಸೇರಿದೆ. ವಿದ್ಯಾರ್ಥಿಗಳು ಹಳ್ಳಿಯ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಬರಬೇಕು. ಅಂಥ ಒಬ್ಬಳು ಹುಡುಗಿ, ಆಶಾ ಅಕ್ಕನ ಬೆನ್ನಿಗೆ ಈ ಮನೆಗೆ ಬಂದಳೆನ್ನಿ. ಅವಳು ಕೇಳಬೇಕಾದ ಮೊದಲ ಮಾತು ಇದು: "ನಿನ್ನೆ ಎಷ್ಟ್ ತಾಸು ಎದಿ ಮ್ಯಾಲಿತ್ತಕ್ಕಾ?"

"ಎರಡ್ ತಾಸು ಇದ್ದೀತ್ರಿ. ಬೆನ್ನು ನೋಯ್ತದ."

"ಹಂಗಾರ ಅಜ್ಜಿ ಕಟ್ಕೊಳ್ಳಲಿ. ಕೂಸಿನ ಅಪ್ಪ ಬಂದಾರಲ್ಲ, ಅವರೂ ಕಟ್ಕೊಳ್ಳಲಿ."

"ಗಂಡಸರ ಎದ್ಯಾಗ ಎಂಥಾ ಕಾವವ್ವಾ?" ಅಜ್ಜಿಗೆ ನಗು.

ಹುಡುಗಿ ಅಪ್ಪನ ಅಂಗಿ ಬಿಚ್ಚಿಸಿ, ಕೂಸನ್ನು ಕಟ್ಟಿ, ಸ್ವಲ್ಪ ಹೊತ್ತು ಕಾದು, ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾಳೆ. ಕಾವು 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯಬಾರದು. ಇಳಿದಿಲ್ಲ. ಅಜ್ಜಿ ಬಗ್ಗಿ ಪಾದ ಮುಟ್ಟುತ್ತಾಳೆ, ತಾನೇ ಪಾಳಿ ಹಂಚುತ್ತಾಳೆ: ಮುಂಜಾನೆ ಅವ್ವ, ಮಧ್ಯಾಹ್ನ ತಾನು, ರಾತ್ರಿ ಉಂಡ ಮೇಲೆ ಅಪ್ಪ.