ಗುದ್ದಲಿ ಹಿಡಿದು ಬಂದ ಸ್ವಿಸ್ ಎಂಜಿನಿಯರ್

ಪಟ್ನಾದಲ್ಲಿ ಬಸ್ಸು ಗಂಗೆಯ ಸೇತುವೆ ಹತ್ತಿದ ಮೇಲೆ ಎಷ್ಟು ಹೊತ್ತಾದರೂ ನದಿ ಮುಗಿಯಲಿಲ್ಲ. ಮಹಾತ್ಮ ಗಾಂಧಿ ಸೇತುವೆಯ ಉದ್ದ ಐದೂವರೆ ಕಿಲೋಮೀಟರಿಗೂ ಹೆಚ್ಚು. ಕೆಳಗೆ ಒಂದಷ್ಟು ದೂರ ನೀರು, ಆಮೇಲೆ ಮರಳು, ಮರಳಿನ ನಡುವೆ ಹಸಿರು ಬಳ್ಳಿ, ಮತ್ತೆ ನೀರು. ಆಚೆ ದಡದಲ್ಲಿ ಹಾಜಿಪುರದ ಬಾಳೆತೋಟಗಳು. ಅಲ್ಲಿಂದ ಮುಜಫ್ಫರಪುರದ ತನಕ ನನ್ನ ಕಣ್ಣು ದಾರಿಯುದ್ದಕ್ಕೂ ಒಂದು ಬಂಡೆಗಾಗಿ ಹುಡುಕುತ್ತಲೇ ಇತ್ತು. ನಮ್ಮ ಬಯಲುಸೀಮೆಯಲ್ಲಿ ನಾಲ್ಕು ಅಡಿ ಅಗೆದರೆ ಹಾರೆಯ ಮೊನೆಗೆ ಕಲ್ಲು ತಾಕುತ್ತದೆ. ಇಲ್ಲಿ ಸಾವಿರಾರು ಅಡಿ ಕೊರೆದರೂ ಬರೀ ಮೆಕ್ಕಲು ಮಣ್ಣು, ಮರಳು. ಹಿಮಾಲಯವನ್ನು ಕಣಕಣವಾಗಿ ಸವೆಸಿ ಗಂಡಕ್, ಬಾಗ್ಮತಿ, ಕೋಸಿ ನದಿಗಳು ಇಲ್ಲಿಗೆ ತಂದು ಹಾಸಿವೆ. ಪರ್ವತವೊಂದು ಪುಡಿಯಾಗಿ ಮಲಗಿರುವ ನೆಲದ ಮೇಲೆ ನಡೆಯುತ್ತಿದ್ದೇನೆ ಅನ್ನಿಸಿ ಮೈ ಜುಮ್ಮೆಂದಿತು.

ಮೇ ತಿಂಗಳ ಕೊನೆ. ಊರಿಗೆ ಊರೇ ಲಿಚಿ ಹಣ್ಣಿನ ಕೆಂಪಿನಲ್ಲಿ ಮುಳುಗಿತ್ತು. ಇಲ್ಲಿನ ಶಾಹಿ ಲಿಚಿಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ತೋಟದಲ್ಲಿ ಎಲೆ ಸಮೇತ ಗೊಂಚಲು ಮುರಿದು ಪೆಟ್ಟಿಗೆಗೆ ತುಂಬುತ್ತಾರೆ. ರಾತ್ರಿಯ ರೈಲು ಹಿಡಿಸುವ ಅವಸರದಲ್ಲಿ ಯಾರಿಗೂ ಮಾತಾಡಲು ಪುರುಸೊತ್ತಿಲ್ಲ. ಆದರೆ ನಾನು ಬಂದದ್ದು ಹಣ್ಣಿಗಾಗಿ ಅಲ್ಲ. ಇದೇ ಸುಡುಬಿಸಿಲಿನ ದಿನಗಳಲ್ಲಿ, 1934ರಲ್ಲಿ, ಸ್ವಿಟ್ಜರ್ಲೆಂಡಿನ ಎಂಜಿನಿಯರೊಬ್ಬರು ಇದೇ ಸೀಮೆಯ ಒಡೆದ ಹಳ್ಳಿಗಳನ್ನು ನೋಡುತ್ತ ಓಡಾಡಿದ್ದರು. ಹೆಸರು ಪಿಯರ್ ಸೆರೆಸೋಲ್. ಆಗ ಅವರಿಗೆ ಐವತ್ತೈದರ ಹತ್ತಿರ. ಅವರು ಕಂಡ ನೆಲವನ್ನು ಕಾಣಬೇಕು ಎಂಬ ಆಸೆ ನನ್ನಲ್ಲಿ ಬಹಳ ಕಾಲದಿಂದ ಕುಳಿತಿತ್ತು.

1934ರ ಜನವರಿ 15, ಸಂಕ್ರಾಂತಿಯ ಆಸುಪಾಸು. ಮಧ್ಯಾಹ್ನ ಎರಡು ದಾಟಿತ್ತು. ಸುಮಾರು 8ರ ಪ್ರಮಾಣದ ಭೂಕಂಪ ನೇಪಾಳವನ್ನೂ ಉತ್ತರ ಬಿಹಾರವನ್ನೂ ಅಲ್ಲಾಡಿಸಿತು. ಎರಡೂ ಕಡೆ ಸೇರಿ 10 ಸಾವಿರಕ್ಕೂ ಹೆಚ್ಚು ಜನ ಸತ್ತರು. ಮುಂಗೇರ್ ಪಟ್ಟಣ ನೆಲಸಮವಾಯಿತು. ಮುಜಫ್ಫರಪುರ, ದರ್ಭಂಗಾ, ಸೀತಾಮಢಿಯ ಕಡೆ ನಡೆದದ್ದು ಇನ್ನೂ ವಿಚಿತ್ರ. ನೀರು ತುಂಬಿದ ಮರಳುನೆಲ ಕುಲುಕಿದಾಗ ಗಟ್ಟಿತನ ಕಳೆದುಕೊಂಡು ದ್ರವದ ಹಾಗಾಗುತ್ತದೆ. ಹೊಲಗಳು ಬಿರಿದವು, ಬಿರುಕುಗಳಿಂದ ಮರಳೂ ನೀರೂ ಕಾರಂಜಿಯಾಗಿ ಚಿಮ್ಮಿದವು. ಬಾವಿಗಳು ಮರಳಿನಿಂದ ತುಂಬಿಹೋದವು. ಮನೆಗಳು ವಾಲಿದವು, ಕೆಲವು ನಿಂತಲ್ಲೇ ಹೂತವು. ಸಕ್ಕರೆ ಕಾರ್ಖಾನೆಗಳು ಮುರಿದುಬಿದ್ದು ಗದ್ದೆಯ ಕಬ್ಬು ಗದ್ದೆಯಲ್ಲೇ ಉಳಿಯಿತು. ಎಲ್ಲಕ್ಕಿಂತ ಕೆಟ್ಟದ್ದು ಮಳೆಗಾಲಕ್ಕೆ ಕಾದಿತ್ತು: ನೆಲದ ಏರುತಗ್ಗು ಬದಲಾಗಿ, ಹಳ್ಳಕಾಲುವೆಗಳು ಹೂಳು ತುಂಬಿ, ಹಿಂದೆ ಎತ್ತರದಲ್ಲಿದ್ದ ಹಳ್ಳಿಗಳು ಈಗ ನೆರೆಯ ದಾರಿಯಲ್ಲಿ ನಿಂತಿದ್ದವು. ಬಿದ್ದ ಮನೆಯನ್ನು ಅಲ್ಲೇ ಎತ್ತಿ ಕಟ್ಟಿದರೆ ಪ್ರಯೋಜನವಿರಲಿಲ್ಲ. ಊರನ್ನೇ ಹೊಸ ನೆಲಕ್ಕೆ ಎತ್ತಿಡಬೇಕಿತ್ತು.

ಸೆರೆಮನೆಯಿಂದ ಆಗಷ್ಟೇ ಹೊರಬಂದ ರಾಜೇಂದ್ರ ಪ್ರಸಾದರು ಪರಿಹಾರ ಸಮಿತಿ ಕಟ್ಟಿದರು. ಗಾಂಧಿ ಬಂದು ಹಳ್ಳಿಹಳ್ಳಿ ಸುತ್ತಿದರು. ಸಮಿತಿಯ ಲೆಕ್ಕಪತ್ರದ ಹೊಣೆ ಹೊತ್ತವರು ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ. ಈ ಸುದ್ದಿ ಆಲ್ಪ್ಸ್ ಪರ್ವತದ ಆಚೆಗೆ ತಲುಪಿದಾಗ ಸೆರೆಸೋಲ್ ಗಂಟು ಕಟ್ಟಿದರು. ಗಾಂಧಿ ಅವರಿಗೆ ಅಪರಿಚಿತರಲ್ಲ. 1931ರ ಡಿಸೆಂಬರಿನಲ್ಲಿ ಫ್ರೆಂಚ್ ಲೇಖಕ ರೊಮೆ ರೊಲಾರನ್ನು ಕಾಣಲು ಗಾಂಧಿ ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗಲೇ ಭೇಟಿಯಾಗಿತ್ತು.

ಈ ಮನುಷ್ಯನ ಹಿನ್ನೆಲೆ ಕೇಳಿದರೆ ಬೆರಗಾಗುತ್ತದೆ. ತಂದೆ ಪಾಲ್ ಸೆರೆಸೋಲ್ 1873ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರು. ಮಗ ತಂದೆಯ ಆಸ್ತಿಯನ್ನು ಸರಕಾರಕ್ಕೇ ಒಪ್ಪಿಸಿದರು. ಏಸುವಿನ ಮಾತನ್ನು ನಂಬಿದವನು ಯುದ್ಧಕ್ಕೆ ಕಾಸು ಕೊಡಬಾರದು ಎಂದು ಸೈನ್ಯದ ತೆರಿಗೆ ನಿರಾಕರಿಸಿ ಜೈಲು ಸೇರಿದರು. ಒಮ್ಮೆ ಅಲ್ಲ, ಬದುಕಿನುದ್ದಕ್ಕೂ ಮತ್ತೆ ಮತ್ತೆ. 1920ರ ಚಳಿಗಾಲದಲ್ಲಿ ಕೆಲವು ಗೆಳೆಯರ ಜೊತೆ ಫ್ರಾನ್ಸಿನ ವೆರ್ದಾಂ ಬಳಿಯ ಎನ್ ಎಂಬ ಹಳ್ಳಿಗೆ ಹೋದರು. ಮೊದಲ ಮಹಾಯುದ್ಧದಲ್ಲಿ ಪುಡಿಯಾಗಿದ್ದ ಊರು ಅದು. ಆ ಗುಂಪಿನಲ್ಲಿ ಜರ್ಮನರೂ ಇದ್ದರು, ಅಂದರೆ ನಿನ್ನೆಯ ಶತ್ರುಗಳು. ಮರದ ಮನೆ ನಿಲ್ಲಿಸಿದರು, ಗುಂಡಿ ಮುಚ್ಚಿದರು, ರಸ್ತೆ ಸರಿಮಾಡಿದರು. ಸುಮಾರು ಐದು ತಿಂಗಳಿಗೆ ಜರ್ಮನರ ಕೈಯ ಸಹಾಯ ಬೇಡವೆಂಬ ಮಾತು ಬಂದು, ಗುಂಪು ಕೆಲಸ ಅರ್ಧಕ್ಕೇ ಬಿಟ್ಟು ಹೊರಡಬೇಕಾಯಿತು.

ಅಲ್ಲಿಗೇ ಕೈಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಬಿಡಲಿಲ್ಲ. 1924ರಲ್ಲಿ ಸ್ವಿಸ್ ಬೆಟ್ಟದ ಹಳ್ಳಿಯಲ್ಲಿ ಹಿಮಪಾತದ ಅವಶೇಷ ತೆಗೆದರು. 1927ರಲ್ಲಿ ರೈನ್ ನದಿ ದಂಡೆಯೊಡೆದು ಪುಟ್ಟ ಲಿಕ್ಟನ್‌ಸ್ಟೈನ್ ದೇಶದ ಹೊಲಗಳ ಮೇಲೆ ಕಲ್ಲುಮರಳು ಹರಡಿತು. ಮರುವರ್ಷ ಸ್ವಯಂಸೇವಕರು ಬಂದು ಅದನ್ನು ಹೊತ್ತು ಹಾಕಿದರು. ಹಲವು ದೇಶಗಳಿಂದ 700ಕ್ಕೂ ಹೆಚ್ಚು ಜನ. ಸೇನೆಯಲ್ಲಿ ಕರ್ನಲ್ ಆಗಿದ್ದ ಸಹೋದರ ಅರ್ನೆಸ್ಟ್ ಕೂಡ ಈ ಶಿಬಿರಗಳಲ್ಲಿ ಜೊತೆಗಿದ್ದರು. ಯುದ್ಧವನ್ನೇ ಒಪ್ಪದ ಪಿಯರ್ ಒಂದು ಕಡೆ, ಸೈನ್ಯದ ಅಧಿಕಾರಿ ಇನ್ನೊಂದು ಕಡೆ. ಇಬ್ಬರನ್ನೂ ಸೇರಿಸಿದ್ದು ಮಣ್ಣಿನ ಕೆಲಸ. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಬೆಳೆದದ್ದು ಹೀಗೆ.

ಬಿಹಾರಕ್ಕೆ ಬಂದವರು ಎಷ್ಟು ಜನ? ಬೆರಳೆಣಿಕೆಯಷ್ಟು. ಸೆರೆಸೋಲ್, ಇಂಗ್ಲೆಂಡಿನ ಜೋ ವಿಲ್ಕಿನ್‌ಸನ್, ಸ್ವಿಟ್ಜರ್ಲೆಂಡಿನ ಪಾಲ್ ಶೆಂಕರ್, ಹೀಗೆ. ಲಕ್ಷಾಂತರ ಜನ ಮನೆ ಕಳೆದುಕೊಂಡ ಸೀಮೆಗೆ ಇಷ್ಟು ಜನ. ಹಡಗಿನ ಟಿಕೆಟ್ಟಿನ ಹಣವನ್ನು ಇಲ್ಲಿಗೇ ಕಳಿಸಿದ್ದರೆ ಇನ್ನೂ ಹತ್ತು ಕೂಲಿಯವರಿಗೆ ಕೆಲಸ ಸಿಗುತ್ತಿರಲಿಲ್ಲವೇ? ಇಂಥ ಸೇವೆಯ ಬಗ್ಗೆ ಯಾವ ಕಾಲದಲ್ಲೂ ಕೇಳಲೇಬೇಕಾದ ಪ್ರಶ್ನೆ ಇದು. ಎರಡು ವಾರ ಬಂದು ಗೋಡೆಗೆ ಸುಣ್ಣ ಹೊಡೆದು ಹೋಗುವ ಇಂದಿನ ಎಷ್ಟೋ ಪ್ರವಾಸಗಳಿಗೆ ಇದಕ್ಕೆ ಉತ್ತರವಿಲ್ಲ. ಸೆರೆಸೋಲ್ ಬದುಕಿನಲ್ಲಿ ಉತ್ತರ ಇದೆ ಎಂದೇ ನನ್ನ ನಂಬಿಕೆ. ಅವರು ಒಮ್ಮೆ ಬಂದು ಹೋದವರಲ್ಲ. ನೋಡಿ ಹೋದರು, ಜನ ಕರೆದುಕೊಂಡು ಬಂದರು, ಮತ್ತೆ ಬಂದರು. 1937ರ ತನಕ ಈ ಹೋಗಿಬರುವುದು ನಡೆಯಿತು. ಒಂದು ಕಡೆ ಬ್ರಿಟಿಷ್ ಸರಕಾರ, ಇನ್ನೊಂದು ಕಡೆ ಅದರ ಜೈಲಿನಿಂದ ಬಂದ ಕಾಂಗ್ರೆಸಿಗರು; ಇಬ್ಬರ ಜೊತೆಗೂ ಕೂತು ಕೆಲಸ ಮಾಡುತ್ತೇವೆ ಎಂಬ ಹಟ ಅವರದು. ಗೋರಾ ಸಾಹೇಬನೆಂದರೆ ಕುದುರೆ ಮೇಲಿಂದ ಹುಕುಂ ಕೊಡುವವನು ಎಂದಷ್ಟೇ ಬಲ್ಲ ರೈತನ ಪಕ್ಕದಲ್ಲಿ ಇಂಗ್ಲಿಷನೊಬ್ಬ ಮಣ್ಣು ಅಗೆಯುತ್ತ ನಿಂತದ್ದನ್ನು ಊಹಿಸಿಕೊಳ್ಳಿ. ಯಾವ ಮನಿಯಾರ್ಡರಿಗೂ ಅದನ್ನು ತಲುಪಿಸುವ ಶಕ್ತಿಯಿಲ್ಲ.

ಮುಜಫ್ಫರಪುರದ ಸೀಮೆಯಲ್ಲಿ ಅವರು ಹಳ್ಳಿಯವರ ಜೊತೆ ಸೇರಿ ಎತ್ತರದ ನೆಲದಲ್ಲಿ ಕಟ್ಟಿದ ಹೊಸ ಊರಿಗೆ ಶಾಂತಿಪುರ ಎಂದು ಹೆಸರಾಯಿತು. ಮಣ್ಣು ಹೊತ್ತ ಬುಟ್ಟಿಗಳಲ್ಲಿ ಬಹುಪಾಲು ಹಳ್ಳಿಯವರ ತಲೆಯ ಮೇಲಿನವೇ. ಅವರ ಹೆಸರುಗಳನ್ನು ಬರೆದಿಟ್ಟದ್ದು ನನಗೆ ಎಲ್ಲಿಯೂ ಸಿಗಲಿಲ್ಲ, ಅದು ನೋವಿನ ಸಂಗತಿ.

ಬೂಢಿ ಗಂಡಕ್ ನದಿಯ ಏರಿಯ ಮೇಲೆ ನಡೆದು ಹೋದರೆ ಈ ಕೆಲಸದ ಗಾತ್ರ ಕಾಲಿಗೆ ತಿಳಿಯುತ್ತದೆ. ಏರಿಯ ಒಂದು ಬದಿ ನದಿ, ಇನ್ನೊಂದು ಬದಿ ಗದ್ದೆ. ಗದ್ದೆಗಳ ನಡುವೆ ಆಳೆತ್ತರ ಎದ್ದು ನಿಂತ ದಿಬ್ಬಗಳ ಮೇಲೆ ಮನೆಗಳ ಗುಂಪು; ಸುತ್ತ ಬಿದಿರು, ಮಾವು, ಒಂದೆರಡು ತಾಳೆಮರ. ಹಳೆಯ ಮನೆಗಳ ಗೋಡೆ ಈಗಲೂ ಬಿದಿರುತಟ್ಟಿಗೆ ಮಣ್ಣು ಮೆತ್ತಿದ್ದು. ದಿಬ್ಬದ ಪಕ್ಕದಲ್ಲೊಂದು ಹೊಂಡ. ಹೊಂಡದ ಮಣ್ಣೇ ದಿಬ್ಬವಾಗಿದೆ ಎಂದು ಹೊಳೆದಾಗ ನಾನು ಅಲ್ಲೇ ನಿಂತುಬಿಟ್ಟೆ. ಕಲ್ಲಿಲ್ಲದ ನಾಡಿನಲ್ಲಿ ಅಡಿಪಾಯವನ್ನೂ ಬುಟ್ಟಿಬುಟ್ಟಿಯಾಗಿ ತಲೆಯ ಮೇಲೆ ಹೊತ್ತು ತರಬೇಕು! ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. ಸ್ವಿಸ್ ಜನರ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಭೂಕಂಪದ ಸುದ್ದಿ ಗೊತ್ತಿತ್ತು, ಅಪ್ಪ ಹೇಳಿದ್ದು. ನೆರೆ ಬಂದಾಗ ದನಕರು ಸಮೇತ ಎಲ್ಲಿ ಹತ್ತಿ ಕೂರುತ್ತೇವೆಂದು ಕೈ ಮಾಡಿ ತೋರಿಸಿದರು.

ಸ್ವಿಸ್ ನೆಲದ ಕ್ರೈಸ್ತರು ಕನ್ನಡಿಗರಿಗೆ ಹೊಸಬರಲ್ಲ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದು ನಮ್ಮ ಊರುಗಳ ಮಾಡಿನ ಬಣ್ಣವನ್ನೇ ಬದಲಿಸಿತು. ಆದರೆ ಮಿಶನ್ ಬಂದದ್ದು ಧರ್ಮ ಸಾರಲು. ಸೆರೆಸೋಲ್ ಆಳವಾದ ಭಕ್ತರು, 1936ರಲ್ಲಿ ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥ ಸೇರಿದವರು. ಆದರೂ ತಮ್ಮ ಶಿಬಿರಗಳಿಗೆ ಯಾವ ಮತದವರಾದರೂ, ಮತವೇ ಇಲ್ಲದವರಾದರೂ ಬರಬಹುದೆಂದರು, ಯಾರನ್ನೂ ಮತಾಂತರಿಸಲು ಹೋಗಲಿಲ್ಲ. ಮಾತು ಬೇಡ, ಕೆಲಸ ಸಾಕು ಎಂಬುದು ಸಂಸ್ಥೆಯ ಘೋಷಣೆ. ನನ್ನ ಮಟ್ಟಿಗೆ ಅವರ ಪ್ರಾರ್ಥನೆ ಆ ಮಣ್ಣಿನ ಕೆಲಸದಲ್ಲೇ ಇತ್ತು.

ಎರಡನೆಯ ಮಹಾಯುದ್ಧದಲ್ಲಿ, ಅರವತ್ತು ದಾಟಿದ ಮೇಲೂ, ಯುದ್ಧ ನಿಲ್ಲಿಸಿ ಎಂದು ಹೇಳಲು ಅನುಮತಿಯಿಲ್ಲದೆ ಜರ್ಮನಿಯ ಗಡಿ ದಾಟಿ ಮತ್ತೆ ಸೆರೆವಾಸ ಅನುಭವಿಸಿದರು. 1945ರ ಅಕ್ಟೋಬರಿನಲ್ಲಿ ತೀರಿಕೊಂಡರು. ಐದು ವರ್ಷದ ನಂತರ ಅವರ ಸಂಸ್ಥೆಯ ಸ್ವಯಂಸೇವಕರು ಭಾರತಕ್ಕೆ ಮರಳಿ ಬಂದರು, ದೇಶ ವಿಭಜನೆಯ ನಿರಾಶ್ರಿತರಿಗಾಗಿ ಫರೀದಾಬಾದಿನಲ್ಲಿ ದುಡಿಯಲು.

ಲಿಚಿ ಕಾಲದಲ್ಲಿ ಮುಜಫ್ಫರಪುರಕ್ಕೆ ಹೋಗುವವರಿಗೆ ಒಂದು ಮಾತು. ಹಣ್ಣು ಕೊಂಡು ಅದೇ ರೈಲಿಗೆ ಹಿಂತಿರುಗಬೇಡಿ. ಬೆಳಗ್ಗೆ ಬಿಸಿಲೇರುವ ಮೊದಲು ಆಟೊ ಹಿಡಿದು ಬೂಢಿ ಗಂಡಕ್ ಏರಿಗೆ ಹೋಗಿ, ದಿಬ್ಬದ ಮೇಲಿನ ಯಾವುದಾದರೂ ಹಳ್ಳಿಗೆ ನಡೆದುಕೊಂಡೇ ಹತ್ತಿ, ಅಲ್ಲಿನ ಹಿರಿಯರನ್ನು ಅವರ ಅಪ್ಪ ಅಜ್ಜಂದಿರ ಹೆಸರು ಕೇಳಿ ಬರೆದುಕೊಂಡು ಬನ್ನಿ.