‘ಎಣ್ಣೆಗಿಂತ ಸೊಪ್ಪು ವಾಸಿ ಅಲ್ವಾ ಮಿಸ್?’

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಸಿ.ವಿ. ರಾಮನ್ ನಗರದ ಒಂದು ಪ್ರೌಢಶಾಲೆ. ಒಂದು ಕಡೆ ಡಿಆರ್‌ಡಿಒ ಕಾಂಪೌಂಡು, ಇನ್ನೊಂದು ಕಡೆ ಬಾಗ್ಮನೆ ಟೆಕ್ ಪಾರ್ಕ್. ನನ್ನ ತರಗತಿಯ ಮಕ್ಕಳು ಇವೆರಡರ ಆಸುಪಾಸಿನ ಓಣಿಗಳವರು; ಕಗ್ಗದಾಸಪುರ, ನಾಗವಾರಪಾಳ್ಯ, ಮಲ್ಲೇಶಪಾಳ್ಯದಿಂದ ನಡೆದು ಬರುವವರು. ಸೆಕ್ಯುರಿಟಿ ಗಾರ್ಡ್‌ಗಳ, ಆಟೊ ಓಡಿಸುವವರ, ಗಾರೆ ಕೆಲಸದವರ ಮಕ್ಕಳು. ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ನಾಲ್ಕೈದು ಜನ ಇದ್ದರು.

ಹತ್ತನೇ ತರಗತಿಗೆ ನರವ್ಯೂಹದ ಪಾಠ. ಅನುಮಸ್ತಿಷ್ಕಕ್ಕೆ ಪಠ್ಯಪುಸ್ತಕದಲ್ಲಿ ನೇರ ಗೆರೆಯ ಮೇಲೆ ನಡೆಯುವುದು, ಸೈಕಲ್ ಹೊಡೆಯುವುದು, ಪೆನ್ಸಿಲ್ ಎತ್ತಿಕೊಳ್ಳುವುದು ಎಂಬ ಉದಾಹರಣೆಗಳಿವೆ. ನಾನು ಅದಕ್ಕೆ ಒಂದು ಸೇರಿಸಿದೆ. ‘ಕುಡಿದವರು ಯಾಕೆ ತೂರಾಡ್ತಾರೆ?’ ಎಂದು ಕೇಳಿದೆ. ತರಗತಿ ನಕ್ಕಿತು. ಇಬ್ಬರು ಎದ್ದು ತೂರಾಡಿ ತೋರಿಸಿದರು. ಪಾಠಯೋಜನೆಯಲ್ಲಿ ‘ವಿದ್ಯಾರ್ಥಿ ಚಟುವಟಿಕೆ’ ಎಂದು ಬರೆದಿದ್ದು ಇಷ್ಟು ಸಲೀಸಾಗಿ ನಡೆದದ್ದು ಅದೇ ಮೊದಲು.

ಕೊನೆಯ ಬೆಂಚಿನ ಒಬ್ಬ ನಗಲಿಲ್ಲ. ‘ಮಿಸ್, ಸೊಪ್ಪು ಹೊಡೆದ್ರೆ ಹಂಗೆ ತೂರಾಡಲ್ಲ. ಎಣ್ಣೆಗಿಂತ ಅದು ವಾಸಿ ಅಲ್ವಾ?’ ಎಂದ.

ಸೊಪ್ಪು ಅಂದರೆ ಗಾಂಜಾ. ಕೇಳಿದವನ ದನಿಯಲ್ಲಿ ತುಂಟತನ ಇರಲಿಲ್ಲ. ಹಿಂದೆ ಮಾರ್ಗದರ್ಶಕರು ಅವಲೋಕನ ಪುಸ್ತಕ ಹಿಡಿದು ಕೂತಿದ್ದರು. ‘ಎರಡೂ ಕೆಟ್ಟದ್ದು, ಕೂತ್ಕೋ’ ಎನ್ನಬಹುದಿತ್ತು. ನಾನು ಹಾಗೆನ್ನಲಿಲ್ಲ; ಜೀವವಿಜ್ಞಾನ ಓದಿದ ಹುರುಪಿನಲ್ಲಿ ಉತ್ತರಿಸಿದೆ. ಮದ್ಯ ವಿಪರೀತವಾದರೆ ಮೆಡುಲ್ಲಾವನ್ನೂ ಮಂದಗೊಳಿಸುತ್ತದೆ, ಉಸಿರಾಟವೇ ನಿಲ್ಲಬಹುದು. ಗಾಂಜಾದ ಟಿಎಚ್‌ಸಿ ಅಂಟಿಕೊಳ್ಳುವ ಗ್ರಾಹಕಗಳು ಮೆದುಳಿನ ಆ ಭಾಗದಲ್ಲಿ ತೀರಾ ಕಡಿಮೆ. ಅದಕ್ಕೇ ಬರೀ ಗಾಂಜಾ ಸೇದಿ ಉಸಿರು ನಿಂತು ಸಾಯುವುದು ಬಹಳ ಅಪರೂಪ. ‘ಆ ಲೆಕ್ಕದಲ್ಲಿ ಎಣ್ಣೆಯೇ ಹೆಚ್ಚು ಅಪಾಯ’ ಎಂದೆ. ಅವನು ತಲೆಯಾಡಿಸಿ ಕೂತ.

ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಅಷ್ಟು ಖಡಾಖಂಡಿತವಾಗಿ ಹೇಳಿದ್ದಕ್ಕೆ ಕಾರಣ ವಿಜ್ಞಾನ ಒಂದೇ ಆಗಿರಲಿಲ್ಲ. ನಮ್ಮಪ್ಪ ಕುಡಿಯುತ್ತಿದ್ದರು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ನಾನು ಚಿಕ್ಕವಳು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದು ನೆನಪಿದೆ. ಸಾರಾಯಿ ಪ್ಯಾಕೆಟ್ ಹೋಗಿ ಕಡಿಮೆ ಬೆಲೆಯ ವಿಸ್ಕಿಯ ಟೆಟ್ರಾ ಪ್ಯಾಕ್ ಮನೆಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ನನ್ನ ತಲೆಯಲ್ಲಿ ಕೆಟ್ಟದ್ದಕ್ಕೆ ಒಂದೇ ವಾಸನೆ, ಅದು ಹೆಂಡದ್ದು. ಗಾಂಜಾ ಬಗ್ಗೆ ನನಗೆ ಗೊತ್ತಿದ್ದುದು ಪುಸ್ತಕದಿಂದ. ಆ ಹೊತ್ತಿನಲ್ಲಿ ಪುಸ್ತಕದ ಅರ್ಧ ಭಾಗ ಮಾತ್ರ ನೆನಪಾಯಿತು.

ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದಿದ್ದರು: ‘ವಿಷಯ ಸರಿ. ಆ ಹುಡುಗ ಯಾಕೆ ಕೇಳಿದ ಎಂದು ಯೋಚಿಸಿ.’ ಅಂಕ ಕಡಿಮೆಯಾಗಲಿಲ್ಲ. ನನಗೆ ಅಂದು ಅದೇ ಮುಖ್ಯವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಎರಡು ದಿನದ ನಂತರ ಸಂಜೆ ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ ಅವನೇ ಸಿಕ್ಕ. ಗೇಟು ಬಿದ್ದಿತ್ತು, ಇಬ್ಬರೂ ನಿಂತೆವು. ‘ಮಿಸ್, ನಮ್ಮಪ್ಪನ ಥರ ನಾನು ಯಾವತ್ತೂ ಎಣ್ಣೆ ಮುಟ್ಟಲ್ಲ. ಅಮ್ಮನ ಮೇಲೆ ಆಣೆ ಮಾಡಿದೀನಿ’ ಎಂದ. ಆಮೇಲೆ ಸ್ವಲ್ಪ ನಕ್ಕು, ‘ನೀವೇ ಹೇಳಿದ್ರಲ್ಲ, ಅದೇ ಹೆಚ್ಚು ಅಪಾಯ ಅಂತ. ನಮ್ಮ ಹುಡುಗರಿಗೂ ಹೇಳ್ದೆ’ ಎಂದ. ಅವನು ಸೇದುತ್ತಾನೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ‘ನಮ್ಮ ಹುಡುಗರು’ ಎಂಬುದು ನನಗೆ ಸಾಕಾಯಿತು. ಅಪ್ಪನ ಹಾಗೆ ಆಗಬಾರದು ಎಂಬ ಹಟಕ್ಕೆ ಅವನು ಇನ್ನೊಂದು ದಾರಿ ಹುಡುಕಿಕೊಂಡಿದ್ದ, ನಾನು ಅದಕ್ಕೆ ಟೀಚರ್ ಮೊಹರು ಒತ್ತಿದ್ದೆ.

ಆ ವಾರಾಂತ್ಯ ಕೂತು ಓದಿದೆ. ಕೇವಲ ‘ಯಾವುದು ಹೆಚ್ಚು ವಿಷ’ ಎಂದು ಹೋಲಿಸಿದರೆ ಗಾಂಜಾ ಗೆದ್ದಂತೆ ಕಾಣುವುದು ನಿಜ. ಆದರೆ ಹದಿನೈದರ ವಯಸ್ಸಿನಲ್ಲಿ ಪ್ರಶ್ನೆ ಅದೊಂದೇ ಅಲ್ಲ. ಮೆದುಳು ಬಲಿಯುವುದು ಇಪ್ಪತ್ತೈದರ ಹತ್ತಿರ. ನನ್ನದೇ ಈಗಷ್ಟೇ ಬಲಿಯುತ್ತಿದೆ. ಟಿಎಚ್‌ಸಿ ಹೆಚ್ಚು ಕೆಲಸ ಮಾಡುವುದು ನೆನಪು, ಗಮನ, ಪ್ರೇರಣೆಗೆ ಸಂಬಂಧಿಸಿದ ಭಾಗಗಳಲ್ಲಿ, ಅಂದರೆ ನಾವು ಶಾಲೆಯಲ್ಲಿ ಬಳಸುವ ಭಾಗಗಳಲ್ಲೇ. 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸ್ವೀಡನ್ನಿನ ಒಂದು ಅಧ್ಯಯನ ಬಂತು. ಸೇನೆಗೆ ಕಡ್ಡಾಯವಾಗಿ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದ್ದರು. ಸೇನೆಗೆ ಸೇರುವ ಮೊದಲೇ 50ಕ್ಕಿಂತ ಹೆಚ್ಚು ಬಾರಿ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಸೇದದವರಿಗಿಂತ ಆರು ಪಟ್ಟು ಹೆಚ್ಚಾಗಿತ್ತು. ಆರು ಪಟ್ಟಾದರೂ ಬಹುತೇಕರಿಗೆ ಕಾಯಿಲೆ ಬರಲಿಲ್ಲ ಎಂಬುದನ್ನೂ ಹೇಳಬೇಕು. ಹೇಳದಿದ್ದರೆ, ಸೇದಿಯೂ ಚೆನ್ನಾಗಿರುವ ಒಬ್ಬ ಅಣ್ಣನನ್ನು ಮಕ್ಕಳು ತೋರಿಸಿದ ಕ್ಷಣ ನಮ್ಮ ಪಾಠ ಮುಗಿಯಿತು. ಬುದ್ಧಿಮತ್ತೆಯ ಅಂಕ ಇಳಿಯುತ್ತದೆ ಎಂಬ ನ್ಯೂಜಿಲೆಂಡಿನ 2012ರ ಅಧ್ಯಯನವನ್ನು ಅವಳಿ ಮಕ್ಕಳ ಮೇಲಿನ ನಂತರದ ಅಧ್ಯಯನ ಒಪ್ಪಲಿಲ್ಲ, ಹಾಗಾಗಿ ಅದನ್ನು ಬಿಟ್ಟೆ. ನಮ್ಮಲ್ಲಿ ಗಾಂಜಾವನ್ನು ಸಾಮಾನ್ಯವಾಗಿ ಸಿಗರೇಟಿನ ತಂಬಾಕಿನ ಜೊತೆ ಬೆರೆಸಿ ಸೇದುತ್ತಾರೆ. ಅಲ್ಲಿಗೆ ನಿಕೋಟಿನ್ ಚಟ ಪುಕ್ಕಟೆ.

ಮದ್ಯದ ಲೆಕ್ಕ ಬೇರೆ. ಅದು ಕಾಯುವುದಿಲ್ಲ. ಅಭ್ಯಾಸವಿಲ್ಲದ ಹುಡುಗ ಪಂದ್ಯ ಕಟ್ಟಿ ಒಂದೇ ಸಲ ಕುಡಿದರೆ ಅದೇ ರಾತ್ರಿ ವಾಂತಿ ಗಂಟಲಿಗೆ ಸಿಕ್ಕಿ ಸಾಯಬಹುದು, ಬೈಕಿನಿಂದ ಬೀಳಬಹುದು. ಕಳ್ಳಭಟ್ಟಿಯಾದರೆ ಮೆಥನಾಲ್ ಬೇರೆ. 1981ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ವಿಷಮದ್ಯ ಕುಡಿದು ನೂರಾರು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ ಮತ್ತು ಗಡಿಯಾಚೆ ತಮಿಳುನಾಡಿನಲ್ಲಿ ಮತ್ತೆ ಅದೇ ಆಯಿತು. ಕಾರ್ಬನ್ ಪಾಠದಲ್ಲಿ ಎಥನಾಲ್, ಮೆಥನಾಲ್ ಎಂದು ಸೂತ್ರ ಬರೆಸುವಾಗ ನಾವು ಇದನ್ನು ಯಾಕೆ ಹೇಳುವುದಿಲ್ಲವೋ.

ಸೋಮವಾರ ಮೆಂಟರ್ ಟೀಚರ್ ಹತ್ತಿರ ಒಂದು ಪೀರಿಯಡ್ ಬೇಡಿಕೊಂಡೆ. ‘ಮೊನ್ನೆ ನಾನು ಅರ್ಧ ಉತ್ತರ ಕೊಟ್ಟಿದ್ದೆ’ ಎಂದು ಶುರು ಮಾಡಿದೆ. ಟೀಚರ್ ತಪ್ಪೊಪ್ಪಿಕೊಂಡರೆ ತರಗತಿ ಎಷ್ಟು ನಿಶ್ಶಬ್ದವಾಗುತ್ತದೆ ಎಂದು ಅವತ್ತು ಗೊತ್ತಾಯಿತು. ಬೋರ್ಡಿನ ಮೇಲೆ ‘ಹೆಚ್ಚು ಕೆಟ್ಟದ್ದು, ಕಡಿಮೆ ಕೆಟ್ಟದ್ದು’ ಎಂದು ಬರೆಯದೆ ಮೂರು ಕಾಲಂ ಎಳೆದೆ: ಇವತ್ತು ರಾತ್ರಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೊತ್ತಿಗೆ, ಇಪ್ಪತ್ತೈದು ವರ್ಷಕ್ಕೆ. ಮಕ್ಕಳೇ ತುಂಬಿಸಿದರು. ಮೊದಲ ಕಾಲಂನಲ್ಲಿ ಎಣ್ಣೆಯ ಸಾಲು ತುಂಬಿತು. ಎರಡನೆಯದರಲ್ಲಿ ಸೊಪ್ಪಿನ ಸಾಲು. ಮೂರನೆಯದರಲ್ಲಿ ಎರಡೂ.

ಯಾದಗಿರಿ ಕಡೆಯ ಹುಡುಗನೊಬ್ಬ ಎದ್ದು, ‘ನಮ್ಮ ಕಡೆ ಜಾತ್ರ್ಯಾಗ ಅದನ್ನ ಪ್ರಸಾದ ಅಂತ ಕೊಡ್ತಾರ್ರಿ ಮಿಸ್’ ಎಂದ. ತಿಂಥಿಣಿಯ ಮೌನೇಶ್ವರ ಜಾತ್ರೆಯ ಬಗ್ಗೆ ನಾನೂ ಪತ್ರಿಕೆಯಲ್ಲಿ ಓದಿದ್ದೆ. ಅದನ್ನು ಹೀಯಾಳಿಸಲು ಮನಸ್ಸಾಗಲಿಲ್ಲ. ‘ಜಾತ್ರೆ ವರ್ಷಕ್ಕೆ ಎಷ್ಟು ಸಲ?’ ಎಂದೆ. ‘ಒಂದ್ ಸಲ.’ ‘ಕೊಡುವವರು ಯಾರು?’ ‘ಹಿರ್‍ಯಾರು.’ ‘ಸಂಜೆ ಕೆರೆ ಹತ್ತಿರ?’ ತರಗತಿಯೇ ನಕ್ಕಿತು, ಅವನೂ ನಕ್ಕ. ಒಬ್ಬ ಹುಡುಗಿ ಪಂಕ್ಚರ್ ಸಲ್ಯೂಷನ್ ಮೂಸುವವರ ವಿಷಯ ತೆಗೆದಳು. ನಮ್ಮ ಹೋಲಿಕೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಮಾಡಿದ ಸಮೀಕ್ಷೆಯ 2019ರ ವರದಿಯಲ್ಲಿ, ಮೂಸುವ ವಸ್ತುಗಳ ಬಳಕೆ ದೊಡ್ಡವರಲ್ಲಿ ಶೇ. 0.58 ಇದ್ದರೆ 10ರಿಂದ 17 ವರ್ಷದವರಲ್ಲಿ ಶೇ. 1.17 ಇತ್ತು. ಅಂದು ಬೋರ್ಡಿನಲ್ಲಿ ಜಾಗ ಸಾಲದೆ ಅಂಚಿನಲ್ಲಿ ಬರೆದೆ.

ಕಾನೂನನ್ನು ಬೇಗ ಮುಗಿಸಿದೆ. ಗಾಂಜಾ ಇಟ್ಟುಕೊಳ್ಳುವುದೂ ಸೇದುವುದೂ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ. ಆದರೆ ಮಗುವಿನ ಕೈಗೆ ಮದ್ಯ ಕೊಡಲಿ, ಗಾಂಜಾ ಕೊಡಲಿ, ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್‌ನಲ್ಲಿ ಒಂದೇ ಶಿಕ್ಷೆ: 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಇದನ್ನು ಕೇಳಿ ಕೊನೆಯ ಬೆಂಚಿನಲ್ಲಿ ಒಂದಷ್ಟು ಪಿಸುಮಾತು ನಡೆಯಿತು.

ಬೆಲ್ ಆಗುವ ಮುಂಚೆ ಟೆಲಿ ಮಾನಸ್‌ನ 14416 ನಂಬರನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು ಎಂದೆ. ಮಕ್ಕಳು ಊಟಕ್ಕೆ ಓಡಿದರು. ಅವನು ಮಾತ್ರ ನಿಧಾನವಾಗಿ ಬ್ಯಾಗ್ ಹಾಕಿಕೊಳ್ಳುತ್ತಿದ್ದ. ಮೇಜಿನ ಹತ್ತಿರ ಬಂದು, ‘ಮಿಸ್, ಆ ನಂಬರ್ ದೊಡ್ಡೋರಿಗೂ ಆಗುತ್ತಾ?’ ಎಂದ.

‘ಆಗುತ್ತೆ’ ಎಂದೆ. ‘ಹುಡುಗರಿಗೂ ಆಗುತ್ತೆ.’

ಅವನು ಅದನ್ನು ವಿಜ್ಞಾನದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡ. ಆ ಶನಿವಾರಕ್ಕೆ ನನ್ನ ಇಂಟರ್ನ್‌ಶಿಪ್ ಮುಗಿಯಿತು. ಆ ದಿನದ ಪಾಠಯೋಜನೆಯ ಮೌಲ್ಯಮಾಪನದ ಕಾಲಂ ಇನ್ನೂ ಖಾಲಿಯಿದೆ.